ಸ್ಕರ್ಟಿಂಗ್ ಆರಿಸುವವರು ಮೊದಲು ಮನೆ ತೊಳೆಯುವವರನ್ನು ಕೇಳಿ

ನವನಗರದಲ್ಲಿ ಈಗ ಯಾವ ಸೆಕ್ಟರಿಗೆ ಹೋದರೂ ಒಂದಲ್ಲ ಒಂದು ಮನೆ ರಿಪೇರಿಗೆ ನಿಂತಿರುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳನ್ನು ಬಿಟ್ಟುಕೊಟ್ಟು ಬಂದವರು ಪರಿಹಾರದ ದುಡ್ಡಿಗೆ ಸಾಲ ಕೂಡಿಸಿ ಕಟ್ಟಿಸಿದ ಮನೆಗಳು ಈಗ ಹಳತಾಗಿವೆ. ಮೊಸಾಯಿಕ್ಕು, ಶಹಾಬಾದ್ ಫರಸಿ ಹೋಗಿ ವಿಟ್ರಿಫೈಡ್ ಟೈಲ್ಸ್ ಬರುತ್ತಿವೆ. ನೆಲ ಗೋಡೆ ಕೂಡುವಲ್ಲಿ ಗೋಡೆಯ ಬುಡಕ್ಕೆ ಕೂರಿಸುವ ಪಟ್ಟಿಗೆ ಸ್ಕರ್ಟಿಂಗ್ ಅನ್ನುತ್ತಾರೆ. ಟೈಲ್ಸಿನ ಬೆನ್ನಿಗೇ ಬಂದಿದೆ ‘ಡೆಕೋರೇಟಿವ್ ಸ್ಕರ್ಟಿಂಗ್’. ಬಿಳಿ ಬಣ್ಣ, ಆರಿಂಚು ಎತ್ತರ, ಮೇಲಂಚಿಗೆ ಉಬ್ಬುತಗ್ಗಿನ ಗೆರೆಗಳಿರುವ ಎಂಡಿಎಫ್ ಪಟ್ಟಿ. ಮೊಬೈಲಿನಲ್ಲಿ ಫೋಟೋ ತೋರಿಸಿ ‘ಹಿಂಗs ಬೇಕು’ ಎನ್ನುವವರು ನಮ್ಮ ಬಳಗದಲ್ಲೇ ಸಾಕಷ್ಟು ಮಂದಿ ಇದ್ದಾರೆ. ಇದು ನಮ್ಮ ಮನೆಗಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಫೋಟೋಗಳ ಮನೆಗಳಲ್ಲಿ ನೆಲವೇ ಕಟ್ಟಿಗೆಯದು. ಹವೆಯ ತೇವಕ್ಕೆ ಕಟ್ಟಿಗೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದಕ್ಕಾಗಿ ಗೋಡೆಯ ಪಕ್ಕ ಸಂದು ಬಿಡುತ್ತಾರೆ, ಆ ಸಂದು ಮುಚ್ಚಲು ಹಲಗೆ ಹೊಡೆಯುತ್ತಾರೆ. ಅಲ್ಲಿ ನೆಲಕ್ಕೆ ಬಕೆಟ್ ನೀರು ಸುರಿಯುವವರಿಲ್ಲ. ನಮ್ಮಲ್ಲಿ ದಸರೆಗೆ ಮೊದಲು ಮನೆ ತೊಳೆಯುವುದೆಂದರೆ ಹಿತ್ತಲ ಬಾಗಿಲಿನಿಂದ ಮುಂಬಾಗಿಲವರೆಗೆ ನೀರೇ ನೀರು. ತಿಕ್ಕುವ ಕಸಬರಿಗೆ ಮೊದಲು ಬಡಿಯುವುದೂ, ನೀರು ಕೊನೆಗೆ ನಿಲ್ಲುವುದೂ ಗೋಡೆಯ ಬುಡದಲ್ಲಿ. ಹಳೆಯ ಮನೆಗಳಲ್ಲಿ ಸುಣ್ಣ ಬಳಿದ ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದರಲ್ಲ, ನೆಲ ಸಾರಿಸುವಾಗ ಸಿಡಿದದ್ದು ಅದರಲ್ಲಿ ಎದ್ದು ಕಾಣುತ್ತಿರಲಿಲ್ಲ. ಹಬ್ಬಕ್ಕೆ ಅಷ್ಟೇ ಜಾಗಕ್ಕೆ ಇನ್ನೊಂದು ಕೈ ಬಳಿದರೆ ಮುಗಿಯಿತು.

ಎಂಡಿಎಫ್ ಅಂದರೆ ಕಟ್ಟಿಗೆಯ ನಾರನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಬಣ್ಣ ಹಚ್ಚಿದ ಮುಖ ನೀರನ್ನು ಸ್ವಲ್ಪ ತಡೆದೀತು, ಕೊಯ್ದ ಕೆಳ ಅಂಚು ತಡೆಯುವುದಿಲ್ಲ. ಅಲ್ಲಿಂದ ನೀರು ಹೀರಿ ಉಬ್ಬಿತೆಂದರೆ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಗೆದ್ದಲಿನ ಮಾತು ಬೇರೆ. ಅಂಗಡಿಯವರು ‘ವಾಟರ್‌ಪ್ರೂಫ್ ಐತ್ರಿ ಸರ’ ಅಂದರೆ ಒಂದು ತುಂಡು ಇಸಿದುಕೊಂಡು ಬಂದು ರಾತ್ರಿಯಿಡೀ ಬಕೆಟ್ಟಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಅಂಚು ಮುಟ್ಟಿ ನೋಡಿದರೆ ಉತ್ತರ ಸಿಗುತ್ತದೆ.

ಪಿವಿಸಿ ಪಟ್ಟಿಗೆ ನೀರಿನ ಭಯವಿಲ್ಲ, ಒಳಗೆ ವೈರ್ ಹಾಯಿಸಲೂ ಬರುತ್ತದೆ. ಮಾಳಿಗೆಯ ಮೇಲಿನ ಬೆಡ್‌ರೂಮಿಗೆ ಆದೀತು. ಆದರೆ ನಮ್ಮ ಹಳೆಯ ಗೋಡೆಗಳ ಗಿಲಾವು ಎಲ್ಲಿ ನೆಟ್ಟಗಿರುತ್ತದೆ? ಪಟ್ಟಿಯ ಹಿಂದೆ ಸಂದು ಉಳಿಯುತ್ತದೆ, ಆ ಸಂದು ಇರುವೆಗಳಿಗೂ ಜಿರಲೆಗಳಿಗೂ ಮನೆಯಾಗುತ್ತದೆ. ಅಡಿಗೆಮನೆಗಂತೂ ಬೇಡ.

ನನ್ನ ಮಟ್ಟಿಗೆ ನೆಲಕ್ಕೆ ಹಾಕಿದ ಟೈಲ್ಸನ್ನೇ ಕೊಯ್ದು ಕೂರಿಸುವ ನಾಲ್ಕಿಂಚಿನ ಸ್ಕರ್ಟಿಂಗೇ ಸರಿ. ಹತ್ತಡಿ ಎತ್ತರದ ಗೋಡೆಗೆ ಅಷ್ಟು ಸಾಕು. ಎರಡಡಿ ಚೌಕದ ಟೈಲಿನಲ್ಲಿ ನಾಲ್ಕಿಂಚಿನ ಆರು ಪಟ್ಟಿ ಬರುತ್ತವೆ, ಬ್ಲೇಡು ತಿನ್ನುವಷ್ಟು ಕೂದಲೆಳೆ ಕಡಿಮೆ. ಅಂದರೆ ಒಂದು ಟೈಲಿಗೆ 12 ರನ್ನಿಂಗ್ ಫೂಟ್. 10ಕ್ಕೆ 12ರ ಖೋಲಿಯ ಸುತ್ತಳತೆ 44 ಫೂಟ್, ಬಾಗಿಲಿನ ಮೂರು ಫೂಟ್ ಕಳೆದರೆ 41. ನಾಲ್ಕು ಟೈಲ್ಸ್ ಸಾಕು. ನೆಲದ ಕೂಲಿ ಚದರ ಫೂಟಿನ ಮೇಲೆ, ಸ್ಕರ್ಟಿಂಗಿನದು ಸಾಮಾನ್ಯವಾಗಿ ರನ್ನಿಂಗ್ ಫೂಟಿನ ಮೇಲೆ. ಗೌಂಡಿಯ ಜೊತೆ ಇದನ್ನು ಮೊದಲೇ ಮಾತಾಡಿಕೊಂಡರೆ ಕಡೆಗೆ ಜಗಳವಿಲ್ಲ.

ಚೆಂದ ಕೆಡುವುದು ಮೇಲಂಚಿನಲ್ಲಿ. ಆರು ಪಟ್ಟಿಗಳಲ್ಲಿ ಫ್ಯಾಕ್ಟರಿಯ ನಯವಾದ ಉದ್ದಂಚು ಇರುವುದು ಎರಡಕ್ಕೆ ಮಾತ್ರ, ಉಳಿದ ನಾಲ್ಕಕ್ಕೂ ಕೊಯ್ದ ಅಂಚೇ ಗತಿ. ಈಗ ಹೆಚ್ಚು ಮಾರಾಟವಾಗುವ ಗ್ಲೇಜ್ಡ್ ಟೈಲ್ಸಿನಲ್ಲಿ ಬಣ್ಣ, ಡಿಸೈನ್ ಎಲ್ಲ ಮೇಲ್ಪದರದಲ್ಲಷ್ಟೇ ಇರುತ್ತದೆ, ಒಳಗಿನ ಮೈ ಬೇರೆ ಬಣ್ಣದ್ದು. ಕಂದು ಸ್ಕರ್ಟಿಂಗಿನ ನೆತ್ತಿಯ ಮೇಲೆ ಬಿಳಿ ಗೆರೆ ಕಾಣುವುದು ಇದಕ್ಕೇ. ಒಳಗೂ ಹೊರಗೂ ಒಂದೇ ಬಣ್ಣವಿರುವ ಫುಲ್ ಬಾಡಿ ಟೈಲ್ಸಿಗೆ ಈ ತಾಪತ್ರಯವಿಲ್ಲ. ಇಲ್ಲವಾದರೆ ಗೋಡೆಯ ಬುಡದ ಗಿಲಾವನ್ನು ಗ್ರೈಂಡರಿನಿಂದ ಗೆರೆ ಹೊಡೆದು ಕೆತ್ತಿಸಿ, ಪಟ್ಟಿಯನ್ನು ಗೋಡೆಯ ಸಮಕ್ಕೆ ಕೂರಿಸಬೇಕು. ಧೂಳು ವಿಪರೀತ, ಕೂಲಿಯೂ ಹೆಚ್ಚು. ಆದರೂ ನಾನು ಇದನ್ನೇ ಮಾಡಿಸಿ ಎನ್ನುತ್ತೇನೆ. ನಮ್ಮ ವೈನಿ ಒಂದೇ ಮಾತಿನಲ್ಲಿ ತೀರ್ಮಾನ ಕೊಟ್ಟರು: ‘ಮ್ಯಾಲ ಅರ್ಧ ಇಂಚ್ ಕಟ್ಟಿ ಬಿಟ್ರ ಧೂಳ ಕುಂದ್ರತೈತಿ, ದಿನಾ ಬಗ್ಗಿ ಅದನ್ನ ಒರಸಾಕಿ ನಾನs ಅಲ್ಲೇನ್ರಿ?’ ಇಂಥ ಮಾತನ್ನು ಯಾವ ಕ್ಯಾಟಲಾಗೂ ಹೇಳುವುದಿಲ್ಲ. ಖರ್ಚು ಮಾಡುವವರು ಗಂಡಸರು, ಆರಿಸುವವರು ಇಂಟೀರಿಯರ್‌ನವರು, ಬಗ್ಗಿ ಒರೆಸುವವರು ಮಾತ್ರ ಬೇರೆ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಅಲಂಕಾರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಪಟ್ಟದಕಲ್ಲಿಗೆ ಹೋದಾಗ ವಿರೂಪಾಕ್ಷ ಗುಡಿಯ ಶಿಖರ ನೋಡಿ ಬಂದುಬಿಡಬೇಡಿ, ಗೋಡೆಯ ಬುಡದ ಹತ್ತಿರ ಕುಳಿತು ನೋಡಿ. ಎಂಟನೆಯ ಶತಮಾನದ ಆ ಅಧಿಷ್ಠಾನದಲ್ಲಿ, ಅಂದರೆ ಗುಡಿಯ ತಳಗಟ್ಟಿನಲ್ಲಿ, ಪಟ್ಟಿಯ ಮೇಲೆ ಪಟ್ಟಿ ಏರುತ್ತ ಹೋಗುತ್ತದೆ, ಒಂದು ಮುಂದೆ ಬಂದರೆ ಇನ್ನೊಂದು ಒಳಗೆ ಸರಿಯುತ್ತದೆ. ಬಿಸಿಲು ಬಿದ್ದಾಗ ಆ ಉಬ್ಬುತಗ್ಗಿನ ನೆರಳೇ ಗೆರೆ ಎಳೆಯುತ್ತದೆ. ಎಲ್ಲವೂ ಮಳೆ ಬಿಸಿಲು ತಡೆಯುವ ಕಲ್ಲಿನಲ್ಲಿ ಆದದ್ದು. ಆ ಆಸೆ ಇದ್ದವರು ದೇವರ ಖೋಲಿಗೆ, ಮುಂಬಾಗಿಲ ಪಡಸಾಲೆಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ಪಟ್ಟಿ ಕೊಯ್ಯಿಸಿ, ಮೇಲಂಚನ್ನು ಗುಂಡಗೆ ಪಾಲಿಶ್ ಮಾಡಿಸಿ. ಗ್ರಾನೈಟು ದಪ್ಪ, ಅದನ್ನೂ ಗೋಡೆಯೊಳಗೆ ಇಳಿಸಲೇಬೇಕು. ನಮ್ಮ ಜಿಲ್ಲೆಯದೇ ಕಲ್ಲು, ಎಷ್ಟು ತೊಳೆದರೂ ಜಗ್ಗುವುದಿಲ್ಲ.

ಇನ್ನೊಂದು ಮಾತು. ಹಳೆಯ ಸ್ಕರ್ಟಿಂಗಿನ ಮೇಲ್ಗಡೆ ಪೇಂಟು ಹಪ್ಪಳದಂತೆ ಎದ್ದು ಬಿಳಿ ಪುಡಿ ಉದುರುತ್ತಿದ್ದರೆ ಗೋಡೆಯೊಳಗೆ ತೇವ ಏರುತ್ತಿದೆ ಎಂದೇ ತಿಳಿಯಿರಿ. ಅದರ ಮೇಲೆ ಎಂಥ ಪಟ್ಟಿ ಅಂಟಿಸಿದರೂ ನೀರು ಇನ್ನಷ್ಟು ಮೇಲಕ್ಕೆ ಹೋಗಿ ಅಲ್ಲಿ ಗಿಲಾವು ಕೆಡಿಸುತ್ತದೆ. ಬಚ್ಚಲಿನ ಪೈಪು ಸೋರುತ್ತಿದೆಯೇ, ಹೊರಗೆ ಗೋಡೆಗೆ ತಾಗಿ ನೀರು ನಿಲ್ಲುತ್ತಿದೆಯೇ ನೋಡಿಸಿ, ಗೋಡೆ ಒಣಗಲು ಬಿಡಿ. ಹಬ್ಬ ಮುಂದೆ ಬಂದಿದೆ ಎಂದು ಅವಸರ ಮಾಡಬೇಡಿ.

ಟೈಲ್ಸ್ ತರುವಾಗ ಸ್ಕರ್ಟಿಂಗಿನ ಲೆಕ್ಕವನ್ನೂ ಕೂಡಿಸಿ ಒಟ್ಟಿಗೇ ತನ್ನಿ. ಬಾಕ್ಸಿನ ಮೇಲಿನ ಬ್ಯಾಚ್ ನಂಬರ್ ಬದಲಾದರೆ ಅದೇ ಕಂಪನಿ, ಅದೇ ಡಿಸೈನ್ ಆದರೂ ಬಣ್ಣ ಒಂದು ಎಳೆ ಹೆಚ್ಚುಕಡಿಮೆ ಬರಬಹುದು, ನೆಲ ಗೋಡೆ ಕೂಡುವಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ನಾಲ್ಕಾರು ಟೈಲ್ಸ್ ಹೆಚ್ಚಿಗೆ ತಂದು ಅಟ್ಟದ ಮೇಲೆ ಇಟ್ಟಿರಿ.