ಗಟ್ಟಿ ಹೊಟ್ಟೆಯ ಹೆಮ್ಮೆ

"ನಂದು ಜೋತುಬಿದ್ದ ಹೊಟ್ಟೆ ಅಲ್ಲ ಕಣ್ರೀ, ಮುಟ್ಟಿ ನೋಡಿ, ಕಲ್ಲಿದ್ದ ಹಾಗಿದೆ" ಅಂತ ಹೊಟ್ಟೆ ತಟ್ಟಿಕೊಳ್ಳುವ ಗಂಡಸರು ಪ್ರತಿ ಮದುವೆ ಮನೆಯಲ್ಲೂ ಇಬ್ಬರಾದರೂ ಸಿಗುತ್ತಾರೆ. ಸ್ವಾಮಿ, ಹೆದರಬೇಕಾದ ಹೊಟ್ಟೆಯೇ ಅದು. ಬೆರಳಿಗೆ ಮೆತ್ತಗೆ ಚಿವುಟಲು ಸಿಗುವುದು ಚರ್ಮದ ಕೆಳಗಿನ ಕೊಬ್ಬು. ಚಿವುಟಲೂ ಸಿಗದಂತೆ ಬಿಗಿದು ಮುಂದೆ ಬಂದಿದ್ದರೆ, ಬಹುಮಟ್ಟಿಗೆ ಕೊಬ್ಬು ಸ್ನಾಯುವಿನ ಗೋಡೆಯ ಒಳಗೆ ಕರುಳು, ಲಿವರ್‌ಗಳ ಸುತ್ತ ಸೇರಿಕೊಂಡು ಗೋಡೆಯನ್ನೇ ಹೊರಕ್ಕೆ ನೂಕುತ್ತಿದೆ. (ಕೆಲವೇ ವಾರಗಳಲ್ಲಿ ಊದಿಕೊಂಡ ಹೊಟ್ಟೆಯ ವಿಷಯ ಬೇರೆ. ನೀರು ತುಂಬಿರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ.)

ಸೊಂಟದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ಕೆಟ್ಟದ್ದು ಎಂದು ಫ್ರಾನ್ಸಿನ ಮಾರ್ಸೇ ನಗರದ ವೈದ್ಯ ಜಾಂ ವಾಗ್ 1947ರಲ್ಲೇ ಬರೆದಿದ್ದರು. ತೊಡೆ, ಪೃಷ್ಠಗಳ ಚರ್ಮದಡಿಯ ಕೊಬ್ಬು ಒಂದು ಕಣಜ. ಹೆಚ್ಚಾಗಿ ಉಂಡದ್ದು ಅಲ್ಲಿ ತೆಪ್ಪಗೆ ಬಿದ್ದಿರುತ್ತದೆ. ಕಣಜ ತುಂಬಿದ ಮೇಲೆ ಮೂಟೆಗಳು ಅಡುಗೆಮನೆಗೂ ನುಗ್ಗುತ್ತವೆ, ಅಂದರೆ ಲಿವರ್, ಮೇದೋಜೀರಕ, ಸ್ನಾಯುಗಳಿಗೆ. ಒಳಕೊಬ್ಬು ಬೇಗ ಕರಗಿ ಪೋರ್ಟಲ್ ರಕ್ತನಾಳದ ಮೂಲಕ ನೇರ ಲಿವರ್‌ಗೆ ಹರಿಯುತ್ತದೆ. ಆಗ ಲಿವರ್, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದನ್ನು ಬಿಡುತ್ತದೆ. ಬೇಡದ ಹೊತ್ತಿನಲ್ಲೂ ಸಕ್ಕರೆ ತಯಾರಿಸುತ್ತದೆ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಏರಿಸುತ್ತದೆ.

2004ರ ಒಂದು ಅಧ್ಯಯನದಲ್ಲಿ ಮಹಿಳೆಯರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 9–10 ಕೆಜಿ ಕೊಬ್ಬು ಹೀರಿ ತೆಗೆದರು. ಕೆಲವು ವಾರ ಬಿಟ್ಟು ನೋಡಿದರೆ ಇನ್ಸುಲಿನ್ ಕೆಲಸವೂ ಸುಧಾರಿಸಿರಲಿಲ್ಲ, ಬಿಪಿಯೂ ಇಳಿದಿರಲಿಲ್ಲ. ಇದಕ್ಕೆ ವಿರುದ್ಧವಾಗಿ ಪಯೋಗ್ಲಿಟಜೋನ್ ಎಂಬ ಡಯಾಬಿಟಿಸ್ ಮಾತ್ರೆ ತೂಕ ಹೆಚ್ಚಿಸಿದರೂ ಶುಗರ್ ಇಳಿಸುತ್ತದೆ. ಅದು ಚರ್ಮದಡಿಯ ಕಣಜವನ್ನು ದೊಡ್ಡದು ಮಾಡಿ ಲಿವರ್ ಕೊಬ್ಬನ್ನು ಕಡಿಮೆ ಮಾಡುತ್ತದೆ. ಹುಟ್ಟಿನಿಂದಲೇ ಚರ್ಮದಡಿಯ ಕೊಬ್ಬಿಲ್ಲದ ಅಪರೂಪದ ರೋಗಿಗಳಿಗಂತೂ ತೀವ್ರ ಡಯಾಬಿಟಿಸ್, ಫ್ಯಾಟಿ ಲಿವರ್ ಎರಡೂ ಬರುತ್ತವೆ. ಕಣಜವೇ ಇಲ್ಲದ ಮನೆ ಅದು.

ನಮ್ಮ ಕಡೆಯವರ ಕಣಜ ಚಿಕ್ಕದು. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಅಳತೆಗಳನ್ನೇ ಪಕ್ಕಪಕ್ಕ ಇಟ್ಟು ತೋರಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ 9.1%, ಯಾಜ್ಞಿಕ್‌ಗೆ 21.2%. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಡಯಾಬಿಟಿಸ್ ಸಮೀಕ್ಷೆಯಲ್ಲಿ ಬಿಎಂಐ ಲೆಕ್ಕದ ಬೊಜ್ಜು 28.6% ಜನರಿಗಿದ್ದರೆ, ಹೊಟ್ಟೆಯ ಬೊಜ್ಜು 39.5% ಜನರಿಗಿತ್ತು. ತೂಕದ ಯಂತ್ರ ಎಷ್ಟೊಂದು ಜನರನ್ನು ಪಾಸು ಮಾಡಿ ಕಳಿಸುತ್ತಿದೆ ನೋಡಿ.

ಹಾಗಾಗಿ ಟೈಲರ್ ಟೇಪ್ ತನ್ನಿ. ಪ್ಯಾಂಟಿನ ಸೈಜು ಲೆಕ್ಕಕ್ಕಿಲ್ಲ. ಹೊಟ್ಟೆ ಬೆಳೆದ ಹಾಗೆ ಬೆಲ್ಟು ಕೆಳಗೆ ಜಾರುತ್ತದೆ, 38 ಇಂಚಿನ ಹೊಟ್ಟೆಯವರೂ 34ರ ಪ್ಯಾಂಟು ಹಾಕುತ್ತಾರೆ. ಸೀರೆ ಉಡುವವರು ಲಂಗದ ಲಾಡಿಯ ಗುರುತಿನ ಮೇಲೆ ಅಳೆದರೂ ಇದೇ ತಪ್ಪು. ಪಕ್ಕದಲ್ಲಿ ಕೊನೆಯ ಪಕ್ಕೆಲುಬು, ಅದರ ಕೆಳಗೆ ಸೊಂಟದ ಮೂಳೆಯ ಮೇಲಂಚು, ಎರಡನ್ನೂ ಬೆರಳಲ್ಲಿ ಹುಡುಕಿ ನಟ್ಟನಡುವೆ ಟೇಪು ಸುತ್ತಿ. ಬೆಳಿಗ್ಗೆ ಖಾಲಿ ಹೊಟ್ಟೆ, ಬರಿಮೈ, ಟೇಪು ಬೆನ್ನ ಹಿಂದೆ ಜಾರದಂತೆ ನೆಲಕ್ಕೆ ಸಮಾಂತರ. ಉಸಿರನ್ನು ಸಹಜವಾಗಿ ಹೊರಬಿಟ್ಟು ಓದಿ. ಹೊಟ್ಟೆ ಎಳೆದುಕೊಂಡರೆ ಮೋಸ ಯಾರಿಗೆ? ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗಡಿ. ಅಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಲೆಕ್ಕವೂ ಇದೆ: 160 ಸೆಂ.ಮೀ. ಎತ್ತರದವರಿಗೆ 80. ಮುಟ್ಟು ನಿಂತ ಮೇಲೆ ಕೊಬ್ಬು ತೊಡೆಯಿಂದ ಹೊಟ್ಟೆಗೆ ಜಾಗ ಬದಲಿಸುವುದರಿಂದ, ಹಳೇ ತೂಕವೇ ಇದ್ದರೂ ಹೆಂಗಸರು ಮತ್ತೆ ಅಳೆಯಬೇಕು.

ಗಡಿ ದಾಟಿದ್ದರೆ ಬಿಪಿ, ಫಾಸ್ಟಿಂಗ್ ಶುಗರ್, ಲಿಪಿಡ್ (ರಕ್ತದ ಕೊಬ್ಬು) ಪರೀಕ್ಷೆ ಮಾಡಿಸಿ. ಕತ್ತಿನ ಹಿಂದೆ ಕಪ್ಪಗೆ, ವೆಲ್ವೆಟ್ಟಿನ ಹಾಗೆ ದಪ್ಪಗಾಗಿದ್ದರೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದು ಕೊಳೆಯಲ್ಲ. ಹೆಚ್ಚಿನವರಲ್ಲಿ ಇನ್ಸುಲಿನ್ ಏರಿರುವ ಗುರುತು ಅದು.

ಹೊಟ್ಟೆಗೆ ನಡುಕದ ಬೆಲ್ಟು ಕಟ್ಟಿಕೊಂಡು, ದಿನಕ್ಕೆ ನೂರು ಕ್ರಂಚಸ್ ಹೊಡೆದು ಒಳಕೊಬ್ಬು ಕರಗಿಸುತ್ತೇನೆ ಎನ್ನುವವರಿಗೆ ಹೇಳುವುದಿಷ್ಟೇ: ಸ್ನಾಯು ಗಟ್ಟಿಯಾದೀತು, ಅದರ ಹಿಂದಿನ ಕೊಬ್ಬು ಅಲ್ಲೇ ಇರುತ್ತದೆ. ವಾರಕ್ಕೆ 150 ನಿಮಿಷ, ಹಾಡಲು ಉಸಿರು ಸಾಲದ, ಮಾತಾಡಲು ಸಾಲುವ ವೇಗದ ನಡಿಗೆ, ಜೊತೆಗೆ ಎರಡು ದಿನ ಬಸ್ಕಿ, ದಂಡ. ತಟ್ಟೆಯಲ್ಲಿ ಅನ್ನ ಕಾಲುಭಾಗ, ಪಲ್ಯ ಅರ್ಧ, ಉಳಿದದ್ದು ಕಾಳು, ಮೊಟ್ಟೆ, ಮೀನು, ಮೊಸರು. ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ ನುಂಗುವುದು ಪಥ್ಯ ಅಲ್ಲ, ಅದೂ ಪಿಷ್ಟವೇ. ಸಿಹಿ ಪಾನೀಯ, ಮದ್ಯ ಎರಡೂ ಲಿವರ್ ಕೊಬ್ಬಿಗೆ ನೇರ ದಾರಿ.

ತೂಕ ಇಳಿಸಿದಾಗ ಒಳಕೊಬ್ಬು ಪ್ರಮಾಣದಲ್ಲಿ ಹೆಚ್ಚು ಬೇಗ ಕರಗುತ್ತದೆ. ಮೂರು ತಿಂಗಳಾದರೂ ಯಂತ್ರದ ಮುಳ್ಳು ಅಲ್ಲೇ ನಿಂತಿದ್ದು ಟೇಪು ಮೂರು ಸೆಂ.ಮೀ. ಇಳಿದಿದ್ದರೆ, ಟೇಪನ್ನು ನಂಬಿ, ನಡಿಗೆ ನಿಲ್ಲಿಸಬೇಡಿ.