ಆ ಮೂರನೇ ವರ್ಷ

ಐಸ್ ಹಾಕಿ ಆಟಗಾರ ಜಾನಿ ಗಾಡ್ರೋ ಅಂದ ಕೂಡಲೇ ಎಲ್ಲರೂ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗ್) ಅಂಕಿಗಳನ್ನೇ ಹೇಳುತ್ತಾರೆ. ನನಗೆ ಮಾತ್ರ ಅವನು ಬೋಸ್ಟನ್ ಕಾಲೇಜಿನಲ್ಲಿ ಆಡಿದ ಮೂರು ವರ್ಷಗಳೇ ಜಾಸ್ತಿ ಇಷ್ಟ, ಅದರಲ್ಲೂ ಕೊನೆಯ ವರ್ಷ.

ನ್ಯೂಜೆರ್ಸಿಯ ಹುಡುಗ. ಅಪ್ಪನ ಹೆಸರು ಗೈ, ಐಸ್ ರಿಂಕ್ ನೋಡಿಕೊಳ್ಳುತ್ತಿದ್ದವರು. ಪುಟ್ಟ ಮಗ ಸ್ಕೇಟ್ ಕಟ್ಟಿಕೊಂಡು ಹೆಜ್ಜೆ ಹಾಕಲಿ ಅಂತ ಐಸ್ ಮೇಲೆ ಸ್ಕಿಟಲ್ಸ್ ಮಿಠಾಯಿ ಇಡುತ್ತಿದ್ದರಂತೆ. ಒಂದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡರೆ ಮುಂದಿನದು ಇನ್ನೂ ಸ್ವಲ್ಪ ದೂರದಲ್ಲಿ. ಹಾಗೆ ಕಲಿತ ಕಾಲುಗಳು ಅವು.

2011ರ ಡ್ರಾಫ್ಟ್‌ನಲ್ಲಿ, ಅಂದರೆ ಎನ್‌ಎಚ್‌ಎಲ್ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, ಕ್ಯಾಲ್ಗರಿ ಫ್ಲೇಮ್ಸ್ ತಂಡ ಅವನನ್ನು ತೆಗೆದುಕೊಂಡಿದ್ದು ನಾಲ್ಕನೇ ಸುತ್ತಿನಲ್ಲಿ, 104ನೆಯವನಾಗಿ. ಆಟ ಬರಲ್ಲ ಅಂತಲ್ಲ, ಆ ಸೀಸನ್‌ನಲ್ಲಿ ಡುಬ್ಯೂಕ್ ಜೂನಿಯರ್ ತಂಡಕ್ಕೆ 36 ಗೋಲು ಹೊಡೆದಿದ್ದ. ಆಳು ತೀರಾ ಸಣ್ಣ, ಅಷ್ಟೇ. ಅಮೆರಿಕದ ಹಾಕಿಯಲ್ಲಿ ಒಂದು ಒಳ್ಳೇ ಪದ್ಧತಿ ಇದೆ: ತಂಡ ನಿಮ್ಮನ್ನು ಆರಿಸಿಕೊಂಡ ಮೇಲೂ ನೀವು ಕಾಲೇಜಿಗೆ ಹೋಗಿ ಆಡಬಹುದು, ಅಲ್ಲಿಯವರೆಗೆ ನಿಮ್ಮ ಮೇಲಿನ ಹಕ್ಕು ಆ ತಂಡದ ಹತ್ತಿರವೇ ಇರುತ್ತದೆ. ಆಗ ಎನ್‌ಎಚ್‌ಎಲ್‌ನಲ್ಲಿ ಸೀಸನ್‌ಗೆ 82 ಪಂದ್ಯ. ಕಾಲೇಜಿನಲ್ಲಿ ಹೆಚ್ಚೂಕಡಿಮೆ 40, ಅವೂ ಬಹುತೇಕ ಶುಕ್ರವಾರ, ಶನಿವಾರ. ಉಳಿದ ದಿನ ಅಭ್ಯಾಸ, ಜಿಮ್, ಪಾಠ. ಸಣ್ಣ ಮೈಯವನಿಗೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ ಹೇಳಿ!

ಮೊದಲ ವರ್ಷವೇ 44 ಪಂದ್ಯಗಳಲ್ಲಿ 21 ಗೋಲು. 2012ರ ಏಪ್ರಿಲ್‌ನಲ್ಲಿ ಟ್ಯಾಂಪಾದಲ್ಲಿ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯದ ಎದುರು ಕಾಲೇಜುಗಳ ರಾಷ್ಟ್ರೀಯ ಫೈನಲ್. ಆಟ ಮುಗಿಯಲು ಮೂರು ನಿಮಿಷವೂ ಇರಲಿಲ್ಲ, ಎದುರಾಳಿಗಳು ಇನ್ನೂ ಬೆನ್ನಿಗೇ ಇದ್ದರು. ಈ ಹುಡುಗ ಡಿಫೆಂಡರ್‌ಗೆ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ತೋರಿಸಿದಂತೆ ಮಾಡಿ, ಪಕ್ಕಕ್ಕೆ ಸರಿದು, ಒಳಗೆ ನುಗ್ಗಿ ಗೋಲು ಹೊಡೆದ. ಕೊನೆಗೆ 4-1ರ ಗೆಲುವು. ಆ ವಿಡಿಯೊ ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಟ್ಟಿಲ್ಲ.

ಎರಡನೇ ವರ್ಷ 35 ಪಂದ್ಯಗಳಲ್ಲಿ 51 ಪಾಯಿಂಟ್ (ಗೋಲಿಗೆ ಒಂದು, ಗೋಲಿಗೆ ನೆರವಾದ ಪಾಸ್ ಅಂದರೆ ಅಸಿಸ್ಟ್‌ಗೆ ಒಂದು). ಇಷ್ಟಾದ ಮೇಲೆ ಕಾಲೇಜಿನಲ್ಲಿ ಇನ್ನೇನು ಕೆಲಸ, ಹೋಗಿ ದುಡ್ಡು ಮಾಡಿಕೊಳ್ಳೋದು ಬಿಟ್ಟು, ಅಂತ ಯಾರಿಗಾದರೂ ಅನಿಸುತ್ತೆ ಅಲ್ವಾ? ಅವನು ಹೋಗಲಿಲ್ಲ. ತಮ್ಮ ಮ್ಯಾಥ್ಯೂ ಅದೇ ಕಾಲೇಜಿಗೆ ಸೇರುತ್ತಿದ್ದ. ಅವನ ಜೊತೆ ಒಂದು ವರ್ಷ ಆಡಬೇಕು ಅಂತ ಉಳಿದುಕೊಂಡ.

ಇದನ್ನು ತಪ್ಪು ಲೆಕ್ಕ ಅನ್ನುವವರ ಮಾತನ್ನು ನಾನು ಒಪ್ಪೋದಿಲ್ಲ. ಆಟದ ಲೆಕ್ಕದಲ್ಲೇ ನೋಡಿ. ಬಿಲ್ ಆರ್ನಾಲ್ಡ್, ಕೆವಿನ್ ಹೇಯ್ಸ್ ಜೊತೆ ಒಂದೇ ಲೈನ್‌ನಲ್ಲಿ (ಒಟ್ಟಿಗೆ ಐಸ್‌ಗಿಳಿಯುವ ಮೂವರು ಫಾರ್ವರ್ಡ್‌ಗಳು) ಆಡಿ, ಆ ಸೀಸನ್‌ನಲ್ಲಿ 40 ಪಂದ್ಯಗಳಿಂದ 36 ಗೋಲು, 44 ಅಸಿಸ್ಟ್. ಸತತ 31 ಪಂದ್ಯ ಒಂದರಲ್ಲೂ ಬರಿಗೈಯಲ್ಲಿ ಬರಲಿಲ್ಲ.

ಆಮೇಲೆ 2014ರ ಏಪ್ರಿಲ್‌ನ ಆ ನಾಲ್ಕು ದಿನ. 10ರಂದು ಮನೆಯಿಂದ ಹೆಚ್ಚು ದೂರವಿಲ್ಲದ ಫಿಲಡೆಲ್ಫಿಯಾದಲ್ಲಿ ಸೆಮಿಫೈನಲ್, ಯೂನಿಯನ್ ಕಾಲೇಜಿನ ಎದುರು 5-4ರ ಸೋಲು. ಮರುದಿನ ಹೋಬಿ ಬೇಕರ್ ಪ್ರಶಸ್ತಿ, ಅಂದರೆ ಕಾಲೇಜು ಹಾಕಿಯಲ್ಲಿ ಆ ವರ್ಷದ ಅತ್ಯುತ್ತಮ ಆಟಗಾರ. 13ನೇ ತಾರೀಕು ವ್ಯಾಂಕೂವರ್‌ನಲ್ಲಿ ಫ್ಲೇಮ್ಸ್ ಅಂಗಿ ತೊಟ್ಟು ನಿಂತಿದ್ದ. ಮೊದಲ ಶಾಟ್, ಮೊದಲ ಗೋಲು!

2024ರ ಆಗಸ್ಟ್ 29ರ ಸಂಜೆ ನ್ಯೂಜೆರ್ಸಿಯಲ್ಲಿ ಅಣ್ಣ ತಮ್ಮ ಇಬ್ಬರೂ ಸೈಕಲ್ ತುಳಿಯುತ್ತಿದ್ದಾಗ ಹಿಂದಿನಿಂದ ವಾಹನ ಗುದ್ದಿ ತೀರಿಹೋದರು. ಮರುದಿನ ತಂಗಿ ಕೇಟಿಯ ಮದುವೆ ಇತ್ತು. ಜಾನಿಗೆ 31, ಮ್ಯಾಥ್ಯೂಗೆ 29.

ಒಂದು ವರ್ಷ ಮುಂಚೆ ಸಹಿ ಹಾಕಿದ್ದರೆ ದುಡ್ಡು ಒಂದು ವರ್ಷ ಮುಂಚೆ ಬರುತ್ತಿತ್ತು, ಸರಿ. ಆದರೆ ಇಬ್ಬರು ಮಕ್ಕಳನ್ನೂ ಒಂದೇ ಕಾಲೇಜಿನ ಅಂಗಿಯಲ್ಲಿ, ಒಂದೇ ಐಸ್ ಮೇಲೆ ನೋಡುವ ಆ ಚಳಿಗಾಲ ಅವರ ಅಪ್ಪ ಅಮ್ಮನಿಗೆ ಸಿಗುತ್ತಿರಲಿಲ್ಲ.