ಸುಮ್ಮನೆ ನೋಡೋಕಂತಲೇ ಬೆಂಗಳೂರಿಗೆ ಹೋಗಿ

ನಮ್ಮ ಬಾಗಲಕೋಟೆ ಕಡೆಯವರು ಬೆಂಗಳೂರಿಗೆ ಯಾಕೆ ಹೋಗ್ತಾರೆ? ಕಿದ್ವಾಯಿ, ಜಯದೇವ, ನಿಮ್ಹಾನ್ಸ್. ಇಲ್ಲಾಂದ್ರೆ ಮಗಳ ಪರೀಕ್ಷೆ, ಮಗನ ಇಂಟರ್‌ವ್ಯೂ, ಎಲ್ಲೋ ಸಿಕ್ಕಿಬಿದ್ದ ಫೈಲು. ಗೌಂಡಿ ಕೆಲಸಕ್ಕೆ ಹೋದವರಂತೂ ಆ ಊರನ್ನ ಕಟ್ಟಿ ಬರ್ತಾರೆ, ನೋಡಿ ಬರೋದಿಲ್ಲ. ಸುಮ್ಮನೆ ನೋಡಿಕೊಂಡು ಬರೋಣ ಅಂತ ಹೋದವರು ನಮ್ಮ ಓಣಿಯಲ್ಲಿ ಅಪರೂಪ. ಅದೆಲ್ಲ ರೊಕ್ಕ ಇದ್ದವರ ಶೋಕಿ ಅನ್ನೋ ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾದ ಮೇಲೆ ಇನ್ನೊಂದು ಮಾತು ಹುಟ್ಟಿಕೊಂಡಿತು. "ಹೆಣಮಕ್ಕಳು ಕೆಲಸಿಲ್ಲದ ಫ್ರೀ ಬಸ್ಸಿನ್ಯಾಗ ತಿರಗ್ಯಾಡಾಕ ಹತ್ಯಾರ." ತಿರುಗಾಡಲಿ ಅಂತೀನಿ ನಾನು. ಹೊಲ, ಒಲೆ, ಬಾಣಂತನ ಅಂತ ಆಯುಷ್ಯ ಕಳೆದು, ತವರು ಮತ್ತು ಗಂಡನ ಮನೆ ಬಿಟ್ಟರೆ ಜಾತ್ರೆಯ ಊರಷ್ಟೇ ಕಂಡವರು ತಮ್ಮದೇ ರಾಜ್ಯದ ರಾಜಧಾನಿಯನ್ನ ಕಣ್ಣು ತುಂಬಾ ನೋಡಿದರೆ ಯಾರ ಗಂಟು ಹೋಗುತ್ತೆ? ನಮ್ಮ ಅವ್ವನೂ ಅಂಥವಳೇ. ಯಾವ ಕೆಲಸವೂ ಇಟ್ಟುಕೊಳ್ಳದೆ ಅವಳನ್ನ ಕರೆದುಕೊಂಡು ಹೋದೆ.

ರಾತ್ರಿಯ ವೇಗದೂತ ಬಸ್ಸಿನಲ್ಲಿ ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ರಾಜಹಂಸ, ಸ್ಲೀಪರ್, ಎಸಿ ಬಸ್ಸಿಗೆ ಇದಿಲ್ಲ, ಕೂತೇ ರಾತ್ರಿ ಕಳೀಬೇಕು. ಸೊಂಟನೋವು ಇದ್ದವರಿಗೆ ಗೋಲಗುಂಬಜ್ ಎಕ್ಸ್‌ಪ್ರೆಸ್ ವಾಸಿ, ಸ್ಲೀಪರ್ ಟಿಕೆಟ್ ಐದುನೂರರ ಒಳಗೇ ಸಿಗುತ್ತೆ. ಅವ್ವ ಕಟಕ್ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಬುತ್ತಿ ಕಟ್ಟಿದ್ದಳು. ಅಲ್ಲಿ ಮೊಸರಿನ ಪ್ಯಾಕೆಟ್ ಒಂದು ತಂದರೆ ರಾತ್ರಿ ಊಟ ಆಯ್ತು. ಬೆಳಿಗ್ಗೆ ಇಂದಿರಾ ಕ್ಯಾಂಟೀನ್: ನಾಷ್ಟಾ ಐದು ರೂಪಾಯಿ, ಊಟ ಹತ್ತು. ಅಲ್ಲಿ ಸಾಲಿನಲ್ಲಿ ನಿಂತವರ ಮಾತು ಕೇಳಿಯೇ ಅವ್ವ "ನೀವು ಹುನಗುಂದ ಕಡೆಯವ್ರೇನ್ರಿ?" ಅಂತ ಒಬ್ಬಾಕೆಯ ಬೆನ್ನು ತಟ್ಟಿದಳು. ಆಕೆ ಕಟ್ಟಡ ಕೆಲಸಕ್ಕೆ ಬಂದು ವರ್ಷಗಳಾಗಿದ್ದವಂತೆ. ಲಾಲ್‌ಬಾಗ್ ಹೆಂಗೈತಿ ಅಂತ ಅವ್ವ ಕೇಳಿದರೆ, "ನಾ ಇನ್ನಾ ಒಳಗ ಹೋಗಿಲ್ರಿ ಯಕ್ಕಾ" ಅಂದಳು. ನನಗೆ ಕರುಳು ಚುರುಕ್ ಅಂತು.

ಲಾಲ್‌ಬಾಗಿಗೆ ನಸುಕಿನಲ್ಲೇ, ವಾಕಿಂಗ್ ಬರುವವರ ಹೊತ್ತಿಗೆ ಹೋಗಿ. ನಾವು ಹೋದಾಗ ಆ ಹೊತ್ತಿನಲ್ಲಿ ಟಿಕೆಟ್ ಕೇಳಲಿಲ್ಲ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ ಎಲ್ಲ ಸರಿ. ಆದರೆ ಅಲ್ಲಿನ ಬಂಡೆಯ ವಯಸ್ಸು ಸುಮಾರು ಮುನ್ನೂರು ಕೋಟಿ ವರ್ಷ, ಅದರ ಮೇಲೆ ಪುಕ್ಕಟೆ ಕೂಡಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಟಿಕೆಟ್ಟಿಗೆ ಚಿಲ್ಲರೆ ರೊಕ್ಕ ಸಾಕು. ಒಳಗೆ ಆತಕೂರಿನ ಶಾಸನ ಇದೆ, ಹತ್ತನೇ ಶತಮಾನದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಗೆದ್ದಾಗ ಕೃಷ್ಣನ ಜೊತೆಗಿದ್ದ ಗಂಗ ದೊರೆ ಬೂತುಗನ ಕಡೆ ಮಣಲೆರ ಅನ್ನೋ ವೀರ ಕಾದಾಡಿದ್ದ. ಮೆಚ್ಚಿದ ದೊರೆ ಏನು ಬೇಕೋ ಕೇಳು ಅಂದರೆ ಆತ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿ, ಅದನ್ನ ಕೊಂದು ತಾನೂ ಸತ್ತಿತು. ಅದಕ್ಕಾಗಿ ನಿಲ್ಲಿಸಿದ ಕಲ್ಲು ಇದು, ನಾಯಿ ಮತ್ತು ಹಂದಿ ಕಾದಾಡುವುದನ್ನ ಮೇಲೆ ಕೆತ್ತಿದ್ದಾರೆ. ಅವ್ವನಿಗೆ ಓದೋಕೆ ಬರೋದಿಲ್ಲ. ನಾನು ಹೇಳ್ತಾ ಹೋದೆ, ಅವಳು ಕಣ್ಣು ಕೀಳಲಿಲ್ಲ. "ನಾಯಿಗೂ ಕಲ್ಲ ನಿಲ್ಲಿಸ್ಯಾರ? ಛಲೋ ಮಾಡ್ಯಾರ ನೋಡು. ಋಣ ಅಂದ್ರ ಅದು." ಪಟ್ಟದಕಲ್ಲಿನ ಜೈನ ಬಸದಿಯೂ ಇದೇ ರಾಷ್ಟ್ರಕೂಟರ ಕಾಲದ್ದು ಅಂದಾಗ, "ಹಂಗಾದ್ರ ನಮ್ಮ ಮಂದೀನ" ಅಂತ ನಿರ್ಧಾರ ಮಾಡಿಬಿಟ್ಟಳು. ಊರಿನ ಖುಷಿ ಅಂದರೆ ನನ್ನ ಪ್ರಕಾರ ಇದು. ಮಾಲ್ ತೋರಿಸಲಿಲ್ವಾ ಅಂತ ಸಂಬಂಧಿಕರು ಕೇಳ್ತಾರೆ. ಮಾಲ್ ಯಾವ ಊರಿನದಾದರೂ ಒಂದೇ, ಕಾಳಿಯ ಕಲ್ಲು ಅಲ್ಲಿ ಮಾತ್ರ ಇದೆ.

ಚಿಕ್ಕಪೇಟೆಯಲ್ಲಿ ಒಂದು ಪೈಸೆ ಖರ್ಚು ಮಾಡದೆ ಮಧ್ಯಾಹ್ನ ಕಳೆದೆವು. ಅಂಗಡಿಯವರು ಇಳಕಲ್ ಅಂತ ಬಿಚ್ಚಿಟ್ಟ ಸೀರೆಯನ್ನ ಅವ್ವ ತಿರುವಿ, ಒಡಲು ಸೆರಗು ಕೂಡುವಲ್ಲಿ ಕೊಂಡಿ (ಎರಡರ ಎಳೆಗಳನ್ನ ಕುಣಿಕೆ ಹಾಕಿ ಜೋಡಿಸೋದು, ಅಸಲಿ ಇಳಕಲ್‌ನ ಗುರುತು) ಹಾಕಿದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಿದಳು. ತನ್ನ ಮೈಮೇಲಿನ ಸೀರೆಯ ಸೆರಗನ್ನೇ ಹಿಡಿದು ತೋರಿಸಿದಳು. ಅಂಗಡಿಯ ಹುಡುಗರು ಸುತ್ತ ನಿಂತು ಕೇಳಿದರು.

ಓಡಾಟಕ್ಕೆ ಬಿಎಂಟಿಸಿಯ ಸಾದಾ ಬಸ್ಸು. ಹೆಂಗಸರಿಗೆ ಫ್ರೀ, ಗಂಡಸರು ಜೊತೆಗಿದ್ದರೆ 80 ರೂಪಾಯಿಯ ದಿನದ ಪಾಸ್ ಮಾಡಿಸಿ. ಮೆಟ್ರೋ ದರ 2025ರ ಫೆಬ್ರವರಿಯಲ್ಲಿ ಏರಿ ಗರಿಷ್ಠ 90 ಆಗಿದೆ, ನಮ್ಮಂಥವರಿಗೆ ದಿನಾ ಆಗೋ ಮಾತಲ್ಲ. ಆದರೂ ಒಮ್ಮೆ ಮೆಜೆಸ್ಟಿಕ್‌ನಿಂದ ವಿಧಾನಸೌಧದವರೆಗೆ ಕರೆದೊಯ್ದೆ. ಅವ್ವ ನೆಲದೊಳಗಿಂದ ಮೇಲೆ ಬಂದು ಆ ಕಟ್ಟಡ ಕಂಡು ಕೈ ಮುಗಿದಳು.

ಕೈ ಕಟ್ಟಿಹಾಕುವುದು ವಸತಿ. ನಾವು ಚಿಕ್ಕಮ್ಮನ ಮಗನ ಮನೆಯಲ್ಲಿ ಉಳಿದೆವು. ಅಲ್ಲಿ ಯಾರೂ ಇಲ್ಲದವರಿಗೆ ಮೆಜೆಸ್ಟಿಕ್ ಲಾಡ್ಜಿನ ಬಾಡಿಗೆ ಒಂದೇ ಉಳಿದೆಲ್ಲ ಖರ್ಚನ್ನ ಮೀರುತ್ತೆ, ಹೆಂಗಸರಿಬ್ಬರೇ ಹೋದರೆ ಭಯ ಬೇರೆ. ಗುಬ್ಬಿ ತೋಟದಪ್ಪನವರು ಒಬ್ಬ ವ್ಯಾಪಾರಿ, ಪರಊರಿನವರು ತಂಗಲಿ ಅಂತ ರೈಲ್ವೆ ಸ್ಟೇಷನ್ ಹತ್ತಿರ ಛತ್ರ ಕಟ್ಟಿಸಿದರು. ಬಸ್ಸು ಫ್ರೀ ಮಾಡಿದ ಸರ್ಕಾರ ಬಸ್‌ಸ್ಟ್ಯಾಂಡಿನ ಪಕ್ಕ ಹೆಣ್ಣುಮಕ್ಕಳಿಗೆ ಸ್ವಚ್ಛ ಡಾರ್ಮಿಟರಿ, ಬಿಸಿನೀರು, ಲಾಕರ್ ಕೊಡಬೇಕು. ನಮ್ಮ ಭಾಗದ ಶಾಸಕರು ಬೆಳಗಾವಿ ಅಧಿವೇಶನದಲ್ಲಿ ಇದನ್ನ ಕೇಳಲಿ.

ಹೋಗುವವರು ಶನಿವಾರ ರಾತ್ರಿಯ ಬಸ್ಸು ಹಿಡಿಯಿರಿ. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡೋದಿಲ್ಲ, ವಯಸ್ಸಾದವರು ನಿಶ್ಚಿಂತೆಯಿಂದ ನಡೆಯಬಹುದು. ವಸ್ತುಸಂಗ್ರಹಾಲಯವೂ ಅಲ್ಲೇ ಪಕ್ಕದಲ್ಲಿದೆ. ಅದನ್ನ ಅವತ್ತೇ ನೋಡಿಬಿಡಿ, ಸೋಮವಾರ ಬಾಗಿಲು ಹಾಕಿರುತ್ತೆ.